ತಾಟಿನ ಕಣ್ಣಿನ ಪಾಲು

ರೋಸವ್ವನ ಬಲಗೈಯ ಹೆಬ್ಬೆರಳು, ತೋರುಬೆರಳು ಎಂದೂ ಸುಮ್ಮನಿರುತ್ತಿರಲಿಲ್ಲ; ಮಾತಾಡುವಾಗಲೂ, ಪ್ರಾರ್ಥನೆಗೆ ಮಂಡಿಯೂರಿದಾಗಲೂ, ಇಲ್ಲದ ದಾರವೊಂದನ್ನು ಹೊಸೆಯುತ್ತಿದ್ದವು. ಇಳಕಲ್ಲಿನ ಮಗ್ಗಗಳಲ್ಲಿ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ಆಕೆಯ ನಲವತ್ತು ವರ್ಷದ ಕೆಲಸ.

ಬಾಗಲಕೋಟೆಯಿಂದ ತಿಂಗಳಿಗೊಮ್ಮೆ ಹೋಗಿ ಕಣ್ಣಿನ ಔಷಧ ಹಂಚುವ ನನ್ನ ಪಟ್ಟಿಯಲ್ಲಿ ಆಕೆಯ ಹೆಸರಿತ್ತು. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುವ ರೋಗ. ಹನಿ ಬಿಟ್ಟರೆ ಉಳಿದ ದೃಷ್ಟಿ ಉಳಿಯುತ್ತದೆ, ಹೋದದ್ದು ಮರಳುವುದಿಲ್ಲ.

ಮನೆಯ ಗೂಡಿನಲ್ಲಿ ಸಂತ ಲೂಸಿಯಮ್ಮನ ಗೇಣುದ್ದದ ಪ್ರತಿಮೆ. ಸಾವಿರದ ಏಳುನೂರು ವರ್ಷಗಳ ಹಿಂದೆ ಸಿಸಿಲಿ ದ್ವೀಪದಲ್ಲಿ, ಕ್ರಿಸ್ತನನ್ನು ಬಿಡಲೊಪ್ಪದೆ ಕೊಲೆಯಾದ ಹುಡುಗಿ. ಕೈಯ ತಟ್ಟೆಯಲ್ಲಿ ಅವಳದೇ ಕಿತ್ತ ಎರಡು ಕಣ್ಣು. ಕಣ್ಣಿನ ಕತೆ ಆಮೇಲೆ ಸೇರಿದ್ದೆಂದು ನಾನು ಓದಿದ್ದೆ, ಒಮ್ಮೆ ಆಕೆಗೆ ಹೇಳಿಯೂ ಬಿಟ್ಟೆ.

"ನೀವು ಓದಿದವರು, ಸರ. ಆದ್ರ ಕಿತ್ತ ಕಣ್ಣಿಗೆ ಉರಿ ಇರೂದಿಲ್ಲೇನ್ರಿ?" ಎಂದಳು. ನಾನು ನಕ್ಕೆ.

ಸೀಸೆಯಲ್ಲಿ ನೂರಿಪ್ಪತ್ತು ಹನಿ; ಎರಡು ಕಣ್ಣಿಗೆ ಎರಡು ಹೊತ್ತು, ದಿನಕ್ಕೆ ನಾಲ್ಕರಂತೆ ಮೂವತ್ತು ದಿನ. ಆಕೆಯದು ಹದಿನೈದಕ್ಕೇ ಮುಗಿಯುತ್ತಿತ್ತು. ಕೈ ನಡುಗಿ ಎರಡೆರಡು ಬೀಳುತ್ತಿರಬೇಕೆಂದು ಊಹಿಸಿ, "ಅರ್ಧಾ ಕಡಿಮಿ ಮಾಡ್ರಿ, ನಾಲ್ಕ ಸಾಕು," ಎಂದೆ.

"ಆತ್ರಿ, ಮಾಡ್ತೇನಿ."

ಅಂದಿನಿಂದ ಸೀಸೆ ಮೂವತ್ತು ದಿನ ಬಂತು. ಪಟ್ಟಿಯಲ್ಲಿ 'ಕ್ರಮಬದ್ಧ' ಎಂದು ಬರೆದೆ.

ಒತ್ತಡ ಅಳೆಯುವ ಯಂತ್ರ ವರ್ಷಕ್ಕೊಮ್ಮೆ ಬರುತ್ತದೆ. ಅದು ಬಂದ ದಿನ ರೋಸವ್ವ ಪಕ್ಕದ ಮನೆಯ ಮಾಬುಬಿಯ ಭುಜ ಹಿಡಿದು ಬಂದಳು. ಎರಡೂ ಕಣ್ಣಿನ ನರ ಸತ್ತಿದ್ದವು. ಹನಿ ಬಿಟ್ಟೂ ಹೀಗೇಕಾಯಿತು ಎಂದೆ.

"ತನಗೆಲ್ಲಿ ಬಿಡ್ತಾಳ್ರಿ?" ಎಂದಳು ಮಾಬುಬಿ. "ಮುಂಜಾನಿ ಎರಡು, ಸಂಜಿಗಿ ಎರಡು, ಎಲ್ಲಾ ಆ ಲೂಸಿಯಮ್ಮನ ತಾಟಿನ ಕಣ್ಣಿಗೆ. ಹನಿ ಬಿದ್ದು ಬಿದ್ದು ಬಣ್ಣ ಹೋಗಿ ಆ ಅವ್ವನೂ ಕುಡ್ಡಿ ಆಗ್ಯಾಳ. ಛಲೋ ಜೋಡಿ ನೋಡ್ ಬೇ ನಿಮ್ಮದು."

"ಸುಮ್ನಿರ ಬೇ," ಎಂದು ರೋಸವ್ವ ನನ್ನ ದನಿ ಬಂದ ಕಡೆ ತಿರುಗಿದಳು. "ಮೊದ್ಲ ಇಬ್ರಿಗೂ ಹಾಕ್ತಿದ್ನಿರಿ. ನೀವ ಅರ್ಧಾ ಕಡಿಮಿ ಮಾಡು ಅಂದ್ರಿ. ಆಕಿ ಪಾಲು ಹ್ಯಾಂಗ ತಗೀಲಿರಿ?"

ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ಕೊಂಡಿಯ ಕೆಲಸವಿಲ್ಲ. ಬೆರಳುಗಳು ಮಾತ್ರ ಹೊಸೆಯುತ್ತಲೇ ಇವೆ. ತಮಗೆಂದು ಬಂದದ್ದರಲ್ಲಿ ಮೊದಲು ಇನ್ನೊಬ್ಬರ ಪಾಲು ತೆಗೆದಿಡುವವರು ಪ್ರತಿ ಓಣಿಯಲ್ಲೂ ಒಬ್ಬರಿರುತ್ತಾರೆ. ಕಡಿಮೆ ಮಾಡಿ ಎಂದರೆ ಅವರು ತಮ್ಮದನ್ನೇ ಕಡಿಮೆ ಮಾಡಿಕೊಳ್ಳುತ್ತಾರೆ. ಹೇಳಿದವರು ಅದನ್ನು ಕ್ರಮಬದ್ಧ ಎಂದು ಬರೆದುಕೊಳ್ಳುತ್ತಾರೆ.