ನರ ದಪ್ಪಾಗೈತೆ, ಒಳ್ಳೇದು ಕಣೇ

ಎಂಬತ್ತೈದನೇ ಇಸವಿಯ ಮಾಗಿ, ಬೆಳಗಿನ ಎಂಟು ಗಂಟೆ, ಶೆಟ್ಟಿಹಳ್ಳಿ ವಠಾರದ ಎಳೆಬಿಸಿಲಲ್ಲಿ ಹೆಂಡತಿ ಮೂಡ್ಲಮ್ಮನ ಮೊಣಕೈಗೆ ಹರಳೆಣ್ಣೆ ತಿಕ್ಕುವಾಗ ಸಿಕ್ಕಿತ್ತಲ್ಲ ಆ ನರದ ಹುರಿ — ಎರಡು ವರ್ಷ ಕಳೆದು ಈಗ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಸ್ಲೈಡು ಒರೆಸುತ್ತಿದ್ದರೂ ಅಟೆಂಡರ್ ಚಿಕ್ಕಬೋರಯ್ಯನ ಹೆಬ್ಬೆರಳಡಿ ಅದೇ ಉರುಳುತ್ತದೆ, ಮೂಳೆಯ ಹಿಂದೆ, ಪೆನ್ಸಿಲ್ ದಪ್ಪ, ಅತ್ತ ಯೋಗನರಸಿಂಹ ಮೇಷ್ಟ್ರು ಹೊಸ ಹುಡುಗರಿಗೆ ಅದೇ ಹಳೇ ಪಾಠ ಹೇಳುತ್ತಿದ್ದಾರೆ, ನೋಡ್ರಪ್ಪಾ, ನರದ ಎಳೆಯೊಳಗೆ ಪ್ರೋಟೀನಿನ ಸಣ್ಣ ದಾರಗಳು, ದಾರ ಹೆಚ್ಚಿದಷ್ಟೂ ಎಳೆ ದಪ್ಪ, ದಪ್ಪ ಆದಷ್ಟೂ ಸುದ್ದಿ ಬೇಗ ಓಡುತ್ತೆ — ಅಂದೂ ಚಿಕ್ಕಬೋರಯ್ಯ ಇದನ್ನೇ ಗಂಟು ಕಟ್ಟಿ ಮನೆಗೆ ಒಯ್ದಿದ್ದ, ಕಿರುಬೆರಳು ಜೋಮು ಹಿಡ್ದಂಗೈತೆ, ಆಸ್ಪತ್ರೆಗೆ ಹೋಗ್ಬರಾಣ್ವಾ ಅಂದಳು ಅವಳು, ಏ ಬುಡೇ, ಒಳಗೆ ಪೋಟೀನ್ ಸೇರ್ಕಂಡೈತೆ, ಒಳ್ಳೇದು ಕಣೇ, ದಿನಾ ಹುರುಳಿ ತಿಂತೀಯಲ್ಲ ಅಂದಿದ್ದ, ಅವಳು ನಕ್ಕು ನಲ್ಲಿಯ ಹತ್ತಿರ ಪಕ್ಕದ ಮನೆ ಶಕೀಲಾಗೂ ಹೇಳಿದ್ದಳು, ನಮ್ಮೋರು ಕಾಲೇಜ್ನೋರು ಕಣಮ್ಮಾ, ಗೊತ್ತೈತೆ ಅವ್ರಿಗೆ.

ಗೊತ್ತಿತ್ತು, ಮಣ್ಣು ಗೊತ್ತಿತ್ತು — ಎರಡು ವರ್ಷ ತುಂಬುವ ಹೊತ್ತಿಗೊಂದು ದಿನ ರೊಟ್ಟಿ ಮಗುಚುತ್ತ, ಏನೋ ಸೀದ ವಾಸನೆ ಬರ್ತೈತಲ್ರೀ ಅಂದಳು, ಸೀಯುತ್ತಿದ್ದದ್ದು ತವದ ಅಂಚಿಗೆ ತಾಗಿದ್ದ ಅವಳದೇ ಕಿರುಬೆರಳು, ಡಾಕ್ಟರು ಮೊಣಕೈ ಹಿಂದಿನ ಹುರಿ ಮುಟ್ಟಿದ ಕೂಡಲೇ ಅಂದರು, ಕುಷ್ಠ, ರೋಗದ ಬಾವು ಇದು, ಮಾತ್ರೆ ನುಂಗಲಿ ವಾಸಿಯಾಗುತ್ತೆ, ಇನ್ನು ಯಾರಿಗೂ ಅಂಟಲ್ಲ, ಆಗಲೇ ಮಡಿಚಿಕೊಂಡಿರೋ ಎರಡು ಬೆರಳು ಮಾತ್ರ ಇನ್ನು ಹಾಗೇ, ನರ ದಪ್ಪ ಆದಾಗ್ಲೇ ಯಾಕಯ್ಯಾ ಕರ್ಕೊಂಡು ಬರ್ಲಿಲ್ಲ, ಅವನು ನೆಲ ನೋಡಿದ, ನಾನೇ ಬ್ಯಾಡ ಅಂದೆ ಸಾಮಿ ಅಂದಳು ಮೂಡ್ಲಮ್ಮ — ಆಗಲೇ ನೆಲ ಬಾಯಿ ಬಿಡಬಾರದಿತ್ತೇ, ವಠಾರದ ಯಜಮಾನಿ ಕೌಸಲ್ಯಮ್ಮ, ನೀನಿನ್ನು ಈ ನಲ್ಲಿ ಮುಟ್ಬೇಡಮ್ಮಾ ಅಂದಾಗಲಾದರೂ, ಇದೇ ನಲ್ಲಿಯ ಮುಂದೆ ಕಪ್ಪೆಯ ಗುಂಡಿಗೆಯಿಂದ ಹಿಡಿದು ಎಲ್ಲವನ್ನೂ ವಿವರಿಸುತ್ತಿದ್ದವನು, ಅಂಟಲ್ಲ ಕಣ್ರವ್ವಾ ಎಂಬ ಒಂದು ಮಾತು ಆಡಬಹುದಿತ್ತು, ಆದರೆ ಹಾಗಂದರೆ ಮುಂದಿನ ಪ್ರಶ್ನೆ ಯಾಕೆ ಬೇಗ ತೋರಿಸ್ಲಿಲ್ಲ ಅಂತ ತಾನೇ, ಅವಳ ಕೈಯಿಂದ ಕೊಡ ಇಸಿದುಕೊಂಡು ಒಳಗೆ ಬಂದುಬಿಟ್ಟ, ಅವಳು ಸೀರೆ ಮಡಿಚಿ ಚೀಲಕ್ಕೆ ಹಾಕಿದಳು — ಚಿಕ್ಕಬೋರಯ್ಯಾ, ನರದ ಸ್ಲೈಡು ಕೊಡಪ್ಪಾ, ಮೇಷ್ಟ್ರು ಕೈ ಚಾಚಿದ್ದಾರೆ, ಐದೂ ಬೆರಳು ನೆಟ್ಟಗೆ, ಗುಬ್ಬಿಗೆ ಹೊರಟ ಬಸ್ಸಿನ ಕಿಟಕಿಯಲ್ಲಿ ಅವಳ ಕೈ, ಅಕ್ಕನ ಮನೇಲಿರ್ತೀನಿ, ಹೊತ್ತೊತ್ಗೆ ಉಣ್ಣಿ, ಮೂರು ಬೆರಳು ಬೀಸಿದವು, ಎರಡು ಮಡಿಚಿಕೊಂಡೇ ಇದ್ದವು, ಮೂಡ್ಲಮ್ಮ ಊರು ಬಿಟ್ಟದ್ದು ಮೊನ್ನೆ ಸೋಮವಾರ, ಮೂರು ಬೀಸಿದವು, ಎರಡು…