ಕವಲೆಲುಬು ಮುರಿಯುವ ಮುನ್ನ

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಕೋಳಿಯಿಂದಲೋ, ಅಕ್ಕತಂಗಿಯರಿಂದಲೋ? ನನ್ನನ್ನು ಕೇಳಿದರೆ ಕೋಳಿಯಿಂದ. ಟಲ್ಲಾ ಸ್ಪ್ರಿಂಗ್ಸ್ ಊರಿನಲ್ಲಿ ಮಿಸ್ ಓಜೆಲ್ಲಾ ಕರಿಯುವ ಕೋಳಿಯ ವಾಸನೆಗೆ ಗೂಡ್ಸ್ ರೈಲೊಂದು ಹಳಿ ಬಿಟ್ಟು ಅವಳ ಹಿತ್ತಲಿಗೆ ಬಂದು ನಿಂತಿತ್ತು. ನಾನು ಕಣ್ಣಾರೆ ಕಂಡಿದ್ದೇನೆ. (ರೈಲನ್ನಲ್ಲ, ಹಿತ್ತಲನ್ನು.)

ಮೊದಲ ಕರಡು ಹೀಗಿತ್ತು: ‘ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಮಿಸಿಸಿಪ್ಪಿಯ ಹತ್ತಿಹೊಲಗಳ ಮೇಲೆ ಹೊಂಬಣ್ಣದ ಮಂಜು...’ ಹೊಡೆದುಹಾಕಿದೆ. ಹೊಂಬಣ್ಣದ ಮಂಜು ಬರೆಯುವವರು ಬೇರೆ ಇದ್ದಾರೆ. ಅವರ ಕಥೆ ಓದಿದರೆ ಹಸಿವಾಗುವುದಿಲ್ಲ.

ಎರಡನೆಯ ಕರಡಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಇಮೋಜೀನ್ ಟ್ಯಾಡ್‌ಲಾಕ್ ತಾನೇ ಕಾರಿನ ಬಾಗಿಲು ತೆಗೆದು ಇಳಿದುಬಿಟ್ಟಳು. ಜೀವಮಾನವೆಲ್ಲ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು. ಅವಳು ಒಮ್ಮೆ ಗದರಿದರೆ ಹಿಂದಿನ ಸೀಟಿನ ಹುಡುಗರಿರಲಿ, ಪಕ್ಕದ ಜಿಲ್ಲೆಯ ಹಸುಗಳೂ ನೆಟ್ಟಗೆ ಕೂರುತ್ತಿದ್ದವು.

“ನಾನು ಬಂದಿರೋದು ಊಟಕ್ಕೆ, ಒಂದಿಷ್ಟು ಸಾಮಾನು ಕೊಳ್ಳೋಕೆ. ಹಾಗಂತಲೇ ಬರಿ,” ಎಂದಳು ನನಗೆ.

“ತಂಗಿಯನ್ನ ನೋಡೋಕಲ್ವಾ ಮೇಡಮ್?”

“ಯಾವ ತಂಗಿ?”

ಸರಿ. ಹಾಗಾದರೆ ನಾನೇ ಹೇಳಬೇಕು.

೧

ತಾಯಿ ಬದುಕಿದ್ದಷ್ಟು ಕಾಲ, ಅಕ್ಟೋಬರಿನಲ್ಲಿ ಟಲ್ಲಾ ಸ್ಪ್ರಿಂಗ್ಸಿನ ಅಂಗಡಿಯವರೆಲ್ಲ ಸಾಮಾನನ್ನು ಬೀದಿಗೆ ಇಳಿಸುವ ಆ ಶನಿವಾರ, ಇಬ್ಬರು ಹೆಣ್ಣುಮಕ್ಕಳನ್ನೂ ಕಟ್ಟಿಕೊಂಡು ಬರುತ್ತಿದ್ದಳು. ಇಮೋಜೀನ್ ದೊಡ್ಡವಳು, ವಿಲ್ಲಾಡೀನ್ ಚಿಕ್ಕವಳು. ಬೆಳಿಗ್ಗೆ ಅಂಗಡಿ, ಮಧ್ಯಾಹ್ನ ಓಜೆಲ್ಲಾಳ ಊಟದ ಮನೆಯ ದುಂಡುಮೇಜು.

ತಾಯಿಯನ್ನು ಮಣ್ಣು ಮಾಡಿ ಬಂದ ದಿನ, ಚರ್ಚಿನ ಹಿಂದಿನ ಹಜಾರದಲ್ಲಿ ಊರವರೆಲ್ಲ ತಂದಿಟ್ಟ ಅಡುಗೆಗಳ ನಡುವೆ ವಿಲ್ಲಾಡೀನ್ ಬಾಣಲೆಯಲ್ಲಿ ಬೇಯಿಸಿ ತಂದ ಮೆಕ್ಕೆಜೋಳದ ಬ್ರೆಡ್ಡೂ ಇತ್ತು. ಅದಕ್ಕೆ ಸಕ್ಕರೆ ಬಿದ್ದಿತ್ತು. ಟ್ಯಾಡ್‌ಲಾಕರ ಮನೆಯಲ್ಲಿ ಗಂಡ ಓಡಿಹೋಗಬಹುದು, ಮಗ ಎದುರು ಬೀದಿಯ ಚರ್ಚಿಗೆ ಸೇರಬಹುದು, ಮೆಕ್ಕೆಜೋಳದ ಬ್ರೆಡ್ಡಿಗೆ ಮಾತ್ರ ಸಕ್ಕರೆ ಬೀಳಬಾರದು. ಇಮೋಜೀನ್ ಒಂದು ತುಂಡು ಮುರಿದು ಬಾಯಿಗಿಟ್ಟು, ಪಾದ್ರಿಯ ಎದುರಿಗೇ, ಬಸ್ಸಿನ ದನಿಯಲ್ಲಿ ಅಂದಳು: “ಕೇಕು ಚೆನ್ನಾಗಾಗಿದೆ ವಿಲ್ಲಿ. ಬ್ರೆಡ್ಡೆಲ್ಲಿ?”

ಹಜಾರ ನಕ್ಕಿತು. ವಿಲ್ಲಾಡೀನ್ ಬಾಣಲೆಯನ್ನು ಬ್ರೆಡ್ಡಿನ ಸಮೇತ ಎತ್ತಿಕೊಂಡು ಹೊರಟುಹೋದಳು. ಅಂದು ನಿಂತ ಮಾತು ಇಂದಿಗೂ ನಿಂತೇ ಇದೆ.

(“ಜನ ನಕ್ಕಿದ್ದು ನನ್ನ ತಪ್ಪಾ?” ಎಂದು ಇಮೋಜೀನ್ ಕೇಳುತ್ತಿದ್ದಾಳೆ. ಓದುಗರೇ, ನೀವು ಉತ್ತರಿಸಬೇಡಿ, ಅವಳು ಜಗಳಕ್ಕೆ ಬರುತ್ತಾಳೆ.)

ಅಂದಿನಿಂದ ಮೂರು ವರ್ಷ ಇಮೋಜೀನ್ ಟಲ್ಲಾ ಸ್ಪ್ರಿಂಗ್ಸಿಗೆ ಕಾಲಿಟ್ಟಿರಲಿಲ್ಲ. ಈ ಸಲ ಗೆಳತಿ ಟ್ವೈಲಾಳನ್ನು ಹೊರಡಿಸಿಕೊಂಡು, ತಂಗಿ ತಪ್ಪಿಸದ ಅದೇ ಶನಿವಾರವನ್ನು ಆರಿಸಿಕೊಂಡು ಬಂದಿದ್ದಾಳೆ. ಊಟಕ್ಕೆ, ಸಾಮಾನಿಗೆ. ತಂಗಿ ಮಾತಾಡಿಸಿದರೆ ಮಾತಾಡಬೇಕು, ತಾನಾಗಿ ಮಾತ್ರ ಬಾಯಿ ಬಿಡಬಾರದು. ಇದು ಅವಳ ಲೆಕ್ಕ. ಇದನ್ನು ಬರೆದರೆ ನಿನ್ನ ಕೈ ಮುರಿಯುತ್ತೇನೆ ಎಂದಿದ್ದಾಳೆ. ಬರೆದಾಯಿತು.

೨

ಹಳೆ ಸಾಮಾನಿನ ಅಂಗಡಿ. ಅದರೊಳಗೆ ಹೊಕ್ಕ ಗಂಡಸೊಬ್ಬ ದಾರಿ ತಪ್ಪಿ, ಗಾಜಿನ ಸಾಮಾನಿನ ಸಾಲಿನಲ್ಲೇ ಮದುವೆಯಾಗಿ ಮಕ್ಕಳನ್ನು ಮಾಡಿಕೊಂಡ. ಆ ಮಕ್ಕಳು ಈಗ ಗಲ್ಲಾದಲ್ಲಿ ಕೂರುತ್ತಾರೆ. (ಇದರಲ್ಲಿ ಅರ್ಧ ನಿಜ. ಯಾವ ಅರ್ಧ ಎಂದು ಕೇಳಬೇಡಿ.)

ಟ್ವೈಲಾ ಇಮೋಜೀನಳ ಪಕ್ಕೆಗೆ ತಿವಿದಳು. “ಅಲ್ನೋಡೇ, ನಿನ್ನ ತಂಗಿ.”

“ಯಾವ ತಂಗಿ?”

“ನಿನ್ನ ಮೂಗನ್ನೇ ಮುಖಕ್ಕಿಟ್ಕೊಂಡು ಓಡಾಡ್ತಿದಾಳಲ್ಲ, ಆ ತಂಗಿ.”

ಇಮೋಜೀನ್ ಬೀರುವೊಂದರ ಹಿಂದೆ ಸರಿದಳು. ಗಲ್ಲಾದ ಹೆಂಗಸು ಅಲ್ಲಿಗೂ ಬಂದಳು. “ಏನ್ ಹುಡುಕ್ತಿದೀರಾ ಚಿನ್ನ?” ಮಿಸಿಸಿಪ್ಪಿಯಲ್ಲಿ ಅಷ್ಟು ಅಕ್ಕರೆಯಿಂದ ಕೇಳಿದ ಮೇಲೆ ಬರಿಗೈಲಿ ಹೊರಬಿದ್ದರೆ ಅದು ಹೊಡೆದ ಹಾಗೆಯೇ. ಇಮೋಜೀನ್ ಕೈಗೆ ಸಿಕ್ಕಿದ್ದನ್ನು ಎತ್ತಿದಳು. ಮೊಣಕಾಲೆತ್ತರದ ಪಿಂಗಾಣಿ ಹುಂಜ.

“ಅಯ್ಯೋ, ಇದು ಜೋಡಿ ಕಣ್ರೀ. ಇದರ ಹೇಂಟೆಯನ್ನ ಈಗ ತಾನೇ ಒಬ್ಬರು ತಗೊಂಡ್ರು. ಅವರೂ ಪಾಪ, ಪರದೆಯ ಹಿಂದೆ ನಿಂತಿದ್ರು.”

(ಪ್ರತಿಮೆ-ಸಂಕೇತಗಳಲ್ಲಿ ನನಗೆ ನಂಬಿಕೆ ಇಲ್ಲ. ಈ ಹುಂಜ-ಹೇಂಟೆಯನ್ನು ಎರಡು ಸಲ ಹೊಡೆದುಹಾಕಿದೆ. ಎರಡು ಸಲವೂ ಇಮೋಜೀನ್ ಅದನ್ನು ಕಂಕುಳಲ್ಲಿಟ್ಟುಕೊಂಡೇ ಮುಂದಿನ ಪುಟಕ್ಕೆ ಬಂದಳು.)

೩

ಓಜೆಲ್ಲಾಳ ದುಂಡುಮೇಜಿನ ಅಂಚು ಅಲುಗುವುದಿಲ್ಲ, ಅಲ್ಲಿ ನಮ್ಮ ತಟ್ಟೆಗಳು. ನಡುಭಾಗ ತಿರುಗುತ್ತದೆ, ಅಲ್ಲಿ ಊಟ. ಕರಿದ ಕೋಳಿ, ಹುರಿದ ಬೆಂಡೆಕಾಯಿ, ಹಂದಿಕೊಬ್ಬಿನಲ್ಲಿ ಬೇಯಿಸಿದ ಸೊಪ್ಪು, ಅಲಸಂದೆ, ಬ್ರೆಡ್ಡು. ಬೇಕಾದ್ದು ಮುಂದೆ ಬಂದಾಗ ಬಡಿಸಿಕೊಳ್ಳಬೇಕು. ಹಿಂದಕ್ಕೆ ತಿರುಗಿಸುವಂತಿಲ್ಲ, ತಡೆದು ನಿಲ್ಲಿಸುವಂತಿಲ್ಲ. ಒಬ್ಬ ಸೆನೆಟರ್ ಒಮ್ಮೆ ನಿಲ್ಲಿಸಿದ್ದನಂತೆ, ಮುಂದಿನ ಚುನಾವಣೆಯಲ್ಲಿ ಸೋತ.

ಯಾರು ಎಲ್ಲಿ ಕೂರಬೇಕು ಎಂದು ಹೇಳುವವಳು ಓಜೆಲ್ಲಾ. ಆ ಮುದುಕಿ ಇಮೋಜೀನಳ ಕಂಕುಳಿನ ಹುಂಜ ನೋಡಿದಳು, ವಿಲ್ಲಾಡೀನಳ ಕಂಕುಳಿನ ಹೇಂಟೆ ನೋಡಿದಳು, ಎರಡನ್ನೂ ಕಿಟಕಿಯ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟಳು. “ನೀವಿಬ್ರೂ ಇಲ್ಲಿ ಕೂರಿ.”

“ಮಿಸ್ ಓಜೆಲ್ಲಾ, ನಾನು ಟ್ವೈಲಾ ಹತ್ರ...”

“ಟ್ವೈಲಾಗೆ ಕಾರಲ್ಲಿ ನಿನ್ನ ಮಾತು ಕೇಳಿ ಕೇಳಿ ಕಿವಿ ಸವೆದಿದೆ. ಕೂತ್ಕೋ ಮಗಳೇ.”

ಆಮೇಲೆ ಪ್ರಾರ್ಥನೆ. ಆ ಮೇಜಿನಲ್ಲಿ ಎಲ್ಲರೂ ಪಕ್ಕದವರ ಕೈ ಹಿಡಿದೇ ಪ್ರಾರ್ಥಿಸಬೇಕು. ಇಮೋಜೀನ್ ಅಂಗೈಯನ್ನು ಸತ್ತ ಮೀನಿನ ಹಾಗೆ ಚಾಚಿದಳು. ಇನ್ನೊಂದು ಸತ್ತ ಮೀನು ಬಂದು ಅದರ ಮೇಲೆ ಬಿತ್ತು.

೪

ಇಲ್ಲ. ನಾಲ್ಕರಲ್ಲಿ ಓಜೆಲ್ಲಾಳ ಪ್ರಾರ್ಥನೆಯನ್ನು ಪೂರ್ತಿ ಬರೆದಿದ್ದೆ. ಅದು ಮುಗಿಯುವಷ್ಟರಲ್ಲಿ ನನಗೆ ಗಡ್ಡ ಬೆಳೆದಿತ್ತು.

೫

ಮೇಜು ತಿರುಗಿತು. ಬ್ರೆಡ್ಡು ಬಂತು. ಇಮೋಜೀನ್ ಕಚ್ಚಿ, ಮೇಜಿನಾಚೆಯ ಟ್ವೈಲಾಗೆ ಕೂಗಿ ಹೇಳಿದಳು: “ಇದು ನೋಡು, ಬ್ರೆಡ್ಡು ಅಂದ್ರೆ!”

ಇಲ್ಲಿ ವಿಲ್ಲಾಡೀನ್ ಎದ್ದುಹೋಗಬೇಕು ಎಂದು ನಾನು ಯೋಚಿಸಿದ್ದೆ. ಬಾಗಿಲನ್ನೂ ತೆರೆದಿಟ್ಟಿದ್ದೆ. ಅವಳು ಏಳಲಿಲ್ಲ. ತನ್ನ ತಟ್ಟೆಯ ಅಲಸಂದೆಗೆ ಹೇಳುವವಳ ಹಾಗೆ ಹೇಳಿದಳು:

“ಅಮ್ಮಂಗೆ ಕೊನೇ ಬೇಸಿಗೇಲಿ ನಾಲಿಗೆ ಸತ್ತೋಗಿತ್ತು. ಸಿಹಿ ಒಂದೇ ಗೊತ್ತಾಗ್ತಿದ್ದಿದ್ದು. ಸಕ್ಕರೆ ಹಾಕಿದ್ರೆ ಎರಡು ತುತ್ತು ಒಳಗೆ ಹೋಗೋದು. ದಿನಾ ಅದನ್ನೇ ಮಾಡಿ ಮಾಡಿ, ಅವತ್ತೂ ಕೈ ಅದನ್ನೇ ಮಾಡ್ತು.”

ಓದುಗರೇ, ಇದು ನನ್ನ ಮಾತಲ್ಲ. ನಾನಾಗಿದ್ದರೆ ಒಂದು ಗುಡುಗನ್ನಾದರೂ ಸೇರಿಸುತ್ತಿದ್ದೆ.

ಇಮೋಜೀನ್ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಳಿಸಿದಳು. ಆ ಬೇಸಿಗೆಯಲ್ಲಿ ಅವಳು ಭಾನುವಾರಕ್ಕೊಮ್ಮೆ ಹೂ ಹಿಡಿದು ಬರುತ್ತಿದ್ದಳು. ಉಣಿಸಿದವಳು ವಿಲ್ಲಾಡೀನ್.

೬ (ಬೇಕಾದ್ದನ್ನು ಆರಿಸಿಕೊಳ್ಳಿ)

ಮುಗಿತಾಯ ಒಂದು: ಅಕ್ಕತಂಗಿಯರು ತಬ್ಬಿಕೊಂಡು ಅಳುತ್ತಾರೆ. ಕಣ್ಣೀರು ಸೊಪ್ಪಿನ ಬಟ್ಟಲಿಗೆ ಬೀಳುತ್ತದೆ. (“ಸೊಪ್ಪಿಗೆ ಉಪ್ಪು ಸರಿಯಾಗೇ ಇದೆ,” ಎಂದಳು ಓಜೆಲ್ಲಾ.)

ಮುಗಿತಾಯ ಎರಡು: ಇಲ್ಲಿಗೆ ಬಂದಾಗಲೆಲ್ಲ ತಾಯಿ ಕದ್ದು ಸಕ್ಕರೆ ಬ್ರೆಡ್ಡನ್ನೇ ತಿನ್ನುತ್ತಿದ್ದಳು ಎಂದು ಓಜೆಲ್ಲಾ ಗುಟ್ಟು ಬಿಡುತ್ತಾಳೆ. (“ಅದನ್ನ ಬರೆದ್ರೆ ಅಮ್ಮ ಗೋರಿಯಿಂದ ಎದ್ದು ಬರ್ತಾಳೆ, ಹುಷಾರು!” ಇಮೋಜೀನ್ ಮತ್ತು ವಿಲ್ಲಾಡೀನ್, ಒಟ್ಟಿಗೆ. ಮೂರು ವರ್ಷದಲ್ಲಿ ಅವರು ಒಟ್ಟಿಗೆ ಆಡಿದ ಮೊದಲ ಮಾತು. ಅದನ್ನು ಆಡಿಸಿದವನು ನಾನು, ದಯವಿಟ್ಟು ಗಮನಿಸಿ.)

೭

ಈಗ ಕೋಳಿಯ ವಿಷಯ. ಮೊದಲೇ ಹೇಳಿರಲಿಲ್ಲವೇ, ಕೋಳಿಯಿಂದಲೇ ಶುರುಮಾಡಬೇಕಿತ್ತು ಅಂತ?

ಓಜೆಲ್ಲಾ ಇಂದಿಗೂ ಕೋಳಿಯನ್ನು ಹಳೆಯ ರೀತಿಯಲ್ಲೇ ಕಡಿಯುತ್ತಾಳೆ, ಎದೆಯಲ್ಲಿ ಕವಣೆಯ ಹಾಗೆ ಎರಡಾಗಿ ಸೀಳಿರುವ ಕವಲೆಲುಬನ್ನು ಅದರ ಮಾಂಸದೊಂದಿಗೆ ಬೇರೆಯೇ ತುಂಡಾಗಿ. ಮಾಂಸ ತಿಂದ ಮೇಲೆ ಎಲುಬಿನ ಒಂದೊಂದು ಕಾಲನ್ನು ಒಬ್ಬೊಬ್ಬರು ಹಿಡಿದು ಎಳೆಯಬೇಕು. ಉದ್ದದ ತುಂಡು ಯಾರ ಕೈಗೆ ಬರುತ್ತದೋ ಅವರ ಮನದಾಸೆ ಈಡೇರುತ್ತದೆ. ಚಿಕ್ಕವರಿದ್ದಾಗ ಈ ಇಬ್ಬರೂ ಇದೇ ಮೇಜಿನಲ್ಲಿ ಎಳೆಯುತ್ತಿದ್ದರು. ಒಬ್ಬರೇ ಎಳೆದರೆ ಅದು ಬರೀ ಎಲುಬು.

ತಟ್ಟೆಯಲ್ಲಿ ಉಳಿದಿದ್ದದ್ದು ಅದೊಂದೇ ತುಂಡು. ಕೊನೆಯ ತುಂಡನ್ನು ತಾನಾಗಿ ಎತ್ತಿಕೊಳ್ಳುವವರು ಇಲ್ಲಿಯ ಲೆಕ್ಕದಲ್ಲಿ ಒಂದೋ ಹಂದಿಗಳು, ಇಲ್ಲವೇ ಉತ್ತರದ ರಾಜ್ಯಗಳವರು. ಹಾಗಾಗಿ ಅದು ಸುತ್ತುತ್ತಲೇ ಇತ್ತು. ಇಮೋಜೀನಳನ್ನು ದಾಟಿತು, ವಿಲ್ಲಾಡೀನಳನ್ನು ದಾಟಿತು. ಇಬ್ಬರ ಕಣ್ಣೂ ಅದರ ಹಿಂದೆಯೇ ಹೋಗಿ ಬಂದವು.

ಮತ್ತೆ ಎದುರಿಗೆ ಬಂದಾಗ ಇಮೋಜೀನ್ ಅಂಗೈ ಊರಿ ಮೇಜನ್ನು ನಿಲ್ಲಿಸಿದಳು.

ಬೆಂಡೆಕಾಯಿ ನಿಂತಿತು. ಸೊಪ್ಪು ನಿಂತಿತು. ರಾಜ್ಯದ ಗಡಿಯಾರಗಳೆಲ್ಲ ನಿಂತವು. (ಇದು ಪೂರ್ತಿ ನಿಜ.) ಅವಳು ಆ ತುಂಡನ್ನೆತ್ತಿ ತಂಗಿಯ ತಟ್ಟೆಗೆ ಹಾಕಿದಳು.

“ನಂಗ್ಯಾಕೆ?” ಎಂದಳು ವಿಲ್ಲಾಡೀನ್.

“ತಿನ್ನು. ಅಮ್ಮಂಗೆ ಉಣಿಸ್ತಾ ನೀನು ಎಷ್ಟು ಊಟ ಬಿಟ್ಟಿದೀಯೋ.”

ವಿಲ್ಲಾಡೀನ್ ನಿಧಾನವಾಗಿ ತಿಂದಳು. ಎಲುಬನ್ನು ಕರವಸ್ತ್ರದಲ್ಲಿ ಒರೆಸಿದಳು. ಒಂದು ಕಾಲನ್ನು ತಾನು ಹಿಡಿದು, ಮುಖ ನೋಡದೆ, ಇನ್ನೊಂದನ್ನು ಅಕ್ಕನತ್ತ ಚಾಚಿದಳು.

“ಸಕ್ಕರೆ ಹಾಕೋದನ್ನ ನಾನು ಬಿಡಲ್ಲ, ಅಕ್ಕ.”

“ಹಾಕು. ನಾನು ಅದನ್ನ ಕೇಕು ಅಂತಲೇ ಕರೆಯೋದು. ಆದ್ರೆ ತಿಂತೀನಿ.”

ಇಮೋಜೀನ್ ಎಲುಬಿನ ಕಾಲನ್ನು ಹಿಡಿದಳು.

ಇಲ್ಲಿ ನಾನು ನಿಲ್ಲಿಸುತ್ತೇನೆ.

“ನಿಲ್ಲಿಸೋದಾ? ಯಾರ್ ಗೆದ್ದದ್ದು ಬರಿಯೋ!” ಎಂದು ಇಮೋಜೀನ್ ಗದರುತ್ತಿದ್ದಾಳೆ. ನಾನು ನೆಟ್ಟಗೆ ಕೂತಿದ್ದೇನೆ, ಆದರೆ ಬರೆಯುವುದಿಲ್ಲ. ಮುರಿದರೆ ಒಬ್ಬರ ಆಸೆ ಗೆಲ್ಲಬೇಕು, ಒಬ್ಬರದು ಸೋಲಬೇಕು. ಜಗತ್ತಿನ ಅತ್ಯುತ್ತಮ ಕಥೆಗಾರನಾದ ನನ್ನಿಂದಲೂ ಅದು ಸಾಧ್ಯವಿಲ್ಲ. ಅದೂ ಅಲ್ಲದೆ, ನೀವೇ ಬಗ್ಗಿ ನೋಡಿ, ಇಬ್ಬರಲ್ಲಿ ಒಬ್ಬಳೂ ಎಳೆಯುತ್ತಿಲ್ಲ. ಸುಮ್ಮನೆ ಹಿಡಿದುಕೊಂಡು ಕೂತಿದ್ದಾರೆ.

“ಯಾರಾದ್ರೂ ಆ ಮೇಜು ತಿರುಗಿಸ್ರಪ್ಪಾ,” ಎನ್ನುತ್ತಿದ್ದಾಳೆ ಓಜೆಲ್ಲಾ, “ಸೊಪ್ಪು ಆರಿಹೋಗ್ತಿದೆ.”