ಇಪ್ಪತ್ತೈದರ ಗೆರೆ

ಆ ಬೆಳಿಗ್ಗೆ ಗಾಳಿ ಹುಚ್ಚೆದ್ದಿತ್ತು. ಕಾರ್ಖಾನೆಯ ಆಸ್ಪತ್ರೆಯ ತಗಡಿನ ಮಾಡು ಪಟಪಟ ಬಡಿದುಕೊಳ್ಳುತ್ತಿತ್ತು. ಕಿವಿ ಪರೀಕ್ಷೆಯ ಕೋಣೆಯೊಳಗೆ ಅಣ್ಣನನ್ನು ಕೂರಿಸುತ್ತ ತಮ್ಮ ಕೂಗಿ ಹೇಳಿದ: "ಸದ್ದು ಕೇಳಿದ ಕೂಡಲೇ ಈ ಗುಂಡಿ ಒತ್ತು."

"ಕೋಣನ ಮುಂದೆ ಕಿನ್ನರಿ ಬಾರಿಸೋಕೆ ನಿನಗೆ ಸಂಬಳ ಬೇರೆ ಕೊಡ್ತಾರೇನೋ!" ಅಣ್ಣ ನಕ್ಕ.

ಅಣ್ಣ ಇಪ್ಪತ್ತೆರಡು ವರ್ಷ ಸುತ್ತಿಗೆ ಯಂತ್ರದ ಪಕ್ಕ ನಿಂತವನು. ಆ ದುಡಿಮೆಯಲ್ಲೇ ತಮ್ಮ ಓದಿ, ಈ ಪರೀಕ್ಷೆಯ ಯಂತ್ರದ ಮುಂದೆ ಕೂರುವಂತಾಗಿದ್ದ. ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಕಿವಿಗೆ ಕೊಡಲಿಲ್ಲ. ಬಂದದ್ದನ್ನೆಲ್ಲ ಅದು ಒಳಗೆ ಬಿಟ್ಟುಕೊಳ್ಳಲೇಬೇಕು.

ದಪ್ಪ ಬಾಗಿಲು ಹಾಕಿ ತಮ್ಮ ಗಾಜಿನ ಈಚೆ ಬಂದು ಕೂತ. ಯಂತ್ರದ ಮುಖದ ಮೇಲೆ ಎರಡು ತಿರುಪು: ಎಡಗಡೆಯದು ಸ್ವರಕ್ಕೆ, ಬಲಗಡೆಯದು ಸದ್ದಿನ ಜೋರಿಗೆ. ಆಚೆ ಗುಂಡಿ ಒತ್ತಿದರೆ ನಡುವಿನ ದೀಪ ಹತ್ತುತ್ತದೆ. ಸದ್ದಿನ ಜೋರು ಇಪ್ಪತ್ತೈದು ಡೆಸಿಬಲ್ ದಾಟುವುದರೊಳಗೆ ಅದು ಹತ್ತಿದರೆ ಪಾಸು.

ಇಪ್ಪತ್ತೈದಕ್ಕೆ ದೀಪ ಹತ್ತಲಿಲ್ಲ. ನಲವತ್ತಕ್ಕೂ ಇಲ್ಲ. ಎಪ್ಪತ್ತಕ್ಕೆ ಹತ್ತಿತು.

ತಮ್ಮನಿಗೆ ಹಳೆಯದೊಂದು ನೆನಪಾಯಿತು. ಎರಡು ವರ್ಷದ ಹಿಂದೆ ಫೇಲಾದ ಬೆಸುಗೆಯವನನ್ನು ಅದೇ ವಾರ ಮನೆಗೆ ಕಳಿಸಿದ್ದರು. ತಮ್ಮ ಬಲಗಡೆಯ ತಿರುಪನ್ನು ಇಪ್ಪತ್ತೈದಕ್ಕೆ ಇಳಿಸಿ, 'ಉಳಿಸು' ಗುಂಡಿ ಒತ್ತಿದ. ಯಂತ್ರ ಯಾಕೆಂದು ಕೇಳಲಿಲ್ಲ. ಎರಡೂ ಕಿವಿಗೆ, ಪ್ರತಿ ಸ್ವರಕ್ಕೂ ಹಾಗೇ ಮಾಡಿದ. ಒತ್ತಿದಾಗಲೆಲ್ಲ ಒಂದೊಂದು ಎಳೆ ಋಣ ಹರಿದಂತಾಯಿತು.

ಅಚ್ಚಾಗಿ ಬಂದ ಹಾಳೆಯಲ್ಲಿ ಗೆರೆ ನೇರವಾಗಿತ್ತು.

ತಮ್ಮ ಅಣ್ಣನ ಕಿವಿಯ ಹತ್ತಿರ ಬಾಗಿ ಕೂಗಿದ: "ಪಾಸಾದೆ ಅಣ್ಣಾ! ಮುಂದಿನ ಪರೀಕ್ಷೆವರೆಗೆ, ಇನ್ನು ಮೂರು ವರ್ಷ ನಿನ್ನನ್ನ ಆ ಸುತ್ತಿಗೆ ಹತ್ರದಿಂದ ಯಾರೂ ಅಲ್ಲಾಡಿಸೋಕಾಗಲ್ಲ."

ಅಣ್ಣ ಹಾಳೆ ನೋಡಿದ, ತಮ್ಮನನ್ನು ನೋಡಿದ. "ಏನ್ ಮಾಡ್ದೆ ನೀನು?"

"ಮಾಡಬೇಕಾದ್ದೇ ಮಾಡ್ದೆ."

"ಫೇಲಾದೋರನ್ನ ಈಗ ಮನೆಗೆ ಕಳಿಸಲ್ಲ ಕಣೋ, ಮೊನ್ನೆ ಪಾಳೀಲಿ ಹೇಳಿದ್ರು. ಉಗ್ರಾಣಕ್ಕೆ ಹಾಕ್ತಾರೆ. ಅದೇ ಸಂಬಳ, ಸದ್ದಿಲ್ಲದ ಜಾಗ. ಉಳಿದಿರೋ ಚೂರು ಕಿವೀಲಿ ಮಗಳ ಮಾತಾದ್ರೂ ಕೇಳಿಸ್ಕೊಳ್ಳೋಣ ಅಂತಿದ್ದೆ."

"ಮೊದಲೇ ಹೇಳಬಾರದಾಗಿತ್ತಾ?"

"ನೀನು ಕೇಳಿದ್ಯಾ? ಓದಿದೋನಲ್ವಾ, ನನಗೇನು ಬೇಕು ಅಂತ ನೀನೇ ತೀರ್ಮಾನ ಮಾಡ್ಬಿಟ್ಟೆ. ನಾನು ಸಂಪಾದಿಸಿದ್ದು ಈ ಕಿವುಡೊಂದೇ. ಅದನ್ನೂ ಕಿತ್ಕೊಂಡ್ಯಲ್ಲೋ."

ಅಣ್ಣ ಪಾಳಿಗೆ ಹೋದ. ಸ್ವಲ್ಪ ಹೊತ್ತಿಗೆ ಸುತ್ತಿಗೆ ಬೀಳತೊಡಗಿತು. ಪ್ರತಿ ಏಟಿಗೂ ಕಿಟಕಿಯ ಗಾಜು ನಡುಗುತ್ತಿತ್ತು. ತಮ್ಮ ಕೈಮುಗಿದು ಕೂತ. ಬೇಡಿಕೊಳ್ಳಲು ಏನೂ ತೋಚಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಅವನೇ ಹೋಗಿ ಅಣ್ಣನನ್ನು ಕರೆತಂದ, ಮತ್ತೆ ಪರೀಕ್ಷೆ ಮಾಡಿದ. ಈ ಸಲ ದೀಪ ಹತ್ತಿದಲ್ಲೇ 'ಉಳಿಸು' ಒತ್ತಿದ. ಎರಡೂ ಹಾಳೆಗಳನ್ನು ಹಿಡಿದು ಒಬ್ಬನೇ ಡಾಕ್ಟರ ಕೋಣೆಗೆ ಹೋದ.

"ಇದರಲ್ಲಿ ಸುಳ್ಳು ಯಾವುದಯ್ಯಾ?"

"ಬೆಳಗಿನದು ಸಾರ್. ಬೇಕಂತಲೇ ಮಾಡಿದ್ದು."

ಡಾಕ್ಟರು ಕನ್ನಡಕ ತೆಗೆದರು. "ನಾಳೆಯಿಂದ ನಿನ್ನನ್ನ ಆ ಯಂತ್ರದ ಮುಂದೆ ಕೂರಿಸೋಕಾಗಲ್ಲ. ಗೊತ್ತು ತಾನೇ?"

"ಗೊತ್ತು ಸಾರ್."

ಡಾಕ್ಟರು ಎರಡನೆಯ ಹಾಳೆಗೆ ಸಹಿ ಹಾಕಿದರು.

ಅಣ್ಣ ಬಾಗಿಲಾಚೆಯ ಬೆಂಚಿನ ಮೇಲೆ ಮುಖ ತಿರುಗಿಸಿ ಕೂತಿದ್ದ. ಬಾಗಿಲು ತೆರೆದೇ ಇದ್ದರೂ ಒಳಗಿನ ಒಂದು ಮಾತೂ ಅವನಿಗೆ ಕೇಳಿಸಿರಲಿಲ್ಲ. ತಮ್ಮ ಹೇಳಲೂ ಇಲ್ಲ. ಗೆರೆ ಇಪ್ಪತ್ತೈದರಿಂದ ಬಹಳ ಕೆಳಕ್ಕಿಳಿದಿದ್ದ, ಸಹಿ ಬಿದ್ದ ಆ ಹಾಳೆಯನ್ನು ಅಣ್ಣನ ಕೈಯಲ್ಲಿಟ್ಟ.